ಹೊಸ ಶೇವಿಂಗ್ ಬ್ರಷ್ ಕೈಕೊಟ್ಟಾಗ: ದೋಷ ಬ್ರಷ್ಷಿನದೋ, ನೀರಿನದೋ, ಕೈಯದೋ?

ಹಂದಿ ಕೂದಲಿನ ಹೊಸ ಬ್ರಷ್ ತಂದ ಮೊದಲ ದಿನ ಬಟ್ಟಲಲ್ಲಿ ನೊರೆಯೇನೋ ಎದ್ದಿತು. ಮುಖಕ್ಕೆ ಹಚ್ಚಿ, ಒಂದು ಸುತ್ತು ರೇಜರ್ ಎಳೆದು, ಎರಡನೇ ಸುತ್ತಿಗೆಂದು ಬ್ರಷ್ ಎತ್ತಿಕೊಂಡರೆ ಅದರಲ್ಲಿ ನೊರೆಯ ಸುಳಿವೇ ಇಲ್ಲ. ಹಿಂಡಿದ್ದಕ್ಕೆ ಬಂದದ್ದು ಮಬ್ಬು ಬಣ್ಣದ ನಾಲ್ಕು ಹನಿ ನೀರು. ಸಾಲದ್ದಕ್ಕೆ ತುಟಿಯ ಮೇಲೆ ಮೂರು ಕೂದಲು, ಮೂಗಿಗೆ ಒದ್ದೆ ಕೊಟ್ಟಿಗೆಯ ವಾಸನೆ. ಮೂರೇ ದಿನಕ್ಕೆ ಬ್ರಷ್ಷೇ ಸರಿಯಿಲ್ಲ ಎಂದು ತೀರ್ಪು ಕೊಟ್ಟು ಡ್ರಾಯರಿಗೆ ಎಸೆದೆ. ಆರು ತಿಂಗಳ ಮೇಲೆ ಹಳೆಯ ಬ್ರಷ್ ಹಿಡಿಯಿಂದ ಕಳಚಿಬಿದ್ದಾಗ ಬೇರೆ ದಾರಿ ಕಾಣದೆ ಅದನ್ನೇ ಹೊರತೆಗೆದೆ. ಈ ಸಲ ಸಿಟ್ಟು ಮಾಡಿಕೊಳ್ಳದೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಿದೆ. ನಾನು ಪಟ್ಟಿ ಮಾಡಿದ್ದ ಮೂರು ದೋಷಗಳಲ್ಲಿ ಎರಡು ದೋಷವೇ ಅಲ್ಲ, ಹೊಸತನ. ಮೂರನೆಯದು ನನ್ನ ಕೈಯಲ್ಲಿತ್ತು.

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಮಾತು ಇಲ್ಲಿ ಬಹುಪಾಲು ಒಪ್ಪುತ್ತದೆ. ಆದರೆ ಒಮ್ಮೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ; ಅಂಟು ಬಿಟ್ಟ ಬ್ರಷ್, ತುದಿ ಕತ್ತರಿಸಿದ ಬ್ರಷ್ ಎಂದೂ ಪಳಗುವುದಿಲ್ಲ. ಇವೆರಡನ್ನು ಬೇರ್ಪಡಿಸುವ ಕ್ರಮ ಕೆಳಗಿದೆ. ಕೂದಲನ್ನು ಕಟ್ಟಿ ಅಂಟಿನಲ್ಲಿ ಕೂರಿಸಿದ ಭಾಗಕ್ಕೆ ಬಳಸುವವರು ನಾಟ್ ಎನ್ನುತ್ತಾರೆ. ನಾನು ಕುಚ್ಚು ಎಂದೇ ಬರೆಯುತ್ತೇನೆ, ಕಣ್ಣಿಗೆ ಕಾಣುವುದು ಅದೇ ತಾನೆ.

ಮೊದಲ ಪರೀಕ್ಷೆ ಅಂಗೈಯಲ್ಲಿ

ಮುಖದ ಮೇಲೆ ಪರೀಕ್ಷೆ ಬೇಡ. ಕೆಲಸಕ್ಕೆ ಹೊರಡುವ ಆತುರ, ಬ್ಲೇಡಿನ ಉರಿ, ಗಡ್ಡದ ಒರಟು ಎಲ್ಲ ಸೇರಿ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಬಿಡುವಿದ್ದಾಗ, ರೇಜರ್ ಮುಟ್ಟದೆ, ಬರೀ ಅಂಗೈಯಲ್ಲಿ ನೊರೆ ಎಬ್ಬಿಸಿ ನೋಡಿ. ಸೋಪು ಹಳೆಯದೇ ಇರಲಿ. ಅದರ ಗುಣ ನಿಮಗೆ ಗೊತ್ತಿರಬೇಕು. ಹೊಸ ಬ್ರಷ್ ಜೊತೆಗೆ ಹೊಸ ಸೋಪನ್ನೂ ತಂದು ಎರಡನ್ನೂ ಒಟ್ಟಿಗೆ ಪರೀಕ್ಷಿಸುವವರೇ ಹೆಚ್ಚು. ಆಮೇಲೆ ಯಾವುದನ್ನು ಬೈಯುವುದು?

ಬ್ರಷ್ ನೆನೆಸಿ, ನೀರು ಕೊಡವಿ, ಸೋಪಿನ ಮೇಲೆ 30 ಸೆಕೆಂಡು ತಿರುಗಿಸಿ. ಅಂಗೈಗೆ ಬಂದು ಸುತ್ತುತ್ತಾ ಹೋಗಿ. ನಡುನಡುವೆ ನಾಲ್ಕೈದು ಹನಿ ನೀರು ಮಾತ್ರ ಸೇರಿಸಿ. ಒಂದೆರಡು ನಿಮಿಷಕ್ಕೆ ಗಟ್ಟಿ ಮೊಸರಿನ ಹಾಗೆ, ಗುಳ್ಳೆ ಬಿಡಿಬಿಡಿಯಾಗಿ ಕಾಣದ, ಮೇಲೆ ಹೊಳಪಿರುವ ನೊರೆ ಬರಬೇಕು. ಅದನ್ನು ಐದು ನಿಮಿಷ ಹಾಗೇ ಬಿಡಿ. ಆಕಾರ, ಹೊಳಪು ಉಳಿದಿದ್ದರೆ ಬ್ರಷ್ ನಿರ್ದೋಷಿ. ನೀವು ಮುಖದ ಮೇಲೆ ಮಾಡುವಾಗ ಸೋಪು ಅಥವಾ ನೀರಿನ ಪ್ರಮಾಣ ತಪ್ಪುತ್ತಿದೆ, ಅಷ್ಟೇ.

ನೊರೆ ಕುಸಿದರೆ ಇನ್ನೆರಡು ಸಲ ಮಾಡಬೇಕು. ಎರಡನೇ ಸಲ ಬ್ರಷ್ಷೂ ಸೋಪೂ ಅವೇ, ನಲ್ಲಿ ನೀರಿನ ಬದಲು ಬಟ್ಟಿ ಇಳಿಸಿದ ನೀರು, ಅಂದರೆ ಡಿಸ್ಟಿಲ್ಡ್ ವಾಟರ್. ಈಗ ನೊರೆ ನಿಂತರೆ ತಪ್ಪು ನಿಮ್ಮ ನೀರಿನದು. ಮೂರನೇ ಸಲ ಮತ್ತೆ ನಲ್ಲಿ ನೀರು, ಅದೇ ಸೋಪು, ಆದರೆ ಹಳೆಯ ಬ್ರಷ್. ಹಳೆಯದರಲ್ಲಿ ಚೆನ್ನಾಗಿ ಬಂದರೆ ಹೊಸ ಬ್ರಷ್ಷನ್ನು ವಿಚಾರಿಸಿಕೊಳ್ಳಬೇಕು. ಅದರಲ್ಲೂ ಬಾರದಿದ್ದರೆ ಸೋಪನ್ನು. ಹಳೆಯ ಬ್ರಷ್ ಇಲ್ಲದವರು ಬೆರಳಿನಿಂದಲೇ ಉಜ್ಜಿ ನೋಡಬಹುದು. ಬೆರಳಿಗೂ ನೊರೆ ಕೊಡದ ಸೋಪು ಬ್ರಷ್ಷಿಗೆ ಏನು ಕೊಟ್ಟೀತು?

ಕೈಯಲ್ಲಿರುವುದು ಯಾವ ಕೂದಲು

ಮುಂದಿನ ಪ್ರತಿ ಹೆಜ್ಜೆಯೂ ಇದರ ಮೇಲೆ ನಿಂತಿದೆ. ಮಾರುಕಟ್ಟೆಯಲ್ಲಿರುವುದು ನಾಲ್ಕು ಬಗೆ: ಹಂದಿಯ ಬಿರುಗೂದಲು, ಬ್ಯಾಜರ್ ಎಂಬ ಬಿಲವಾಸಿ ಪ್ರಾಣಿಯ ಕೂದಲು, ಕುದುರೆಯ ಕೂದಲು, ಸಿಂಥೆಟಿಕ್ ಎಳೆ. ಡಬ್ಬಿಯ ಮೇಲಿನ ಬರಹವನ್ನೇ ನಂಬಬೇಡಿ. ಬ್ಯಾಜರ್‌ನಲ್ಲಿ ಪ್ಯೂರ್, ಬೆಸ್ಟ್, ಸಿಲ್ವರ್‌ಟಿಪ್ ಎಂದೆಲ್ಲ ದರ್ಜೆಗಳಿವೆ. ಎಲ್ಲ ತಯಾರಕರೂ ಒಪ್ಪಿದ ಅಳತೆಗೋಲು ಇವಕ್ಕಿಲ್ಲ. ಹಂದಿ ಕೂದಲಿಗೆ ಕಪ್ಪು ಪಟ್ಟಿ ಬಳಿದು ಬ್ಯಾಜರ್‌ನಂತೆ ಕಾಣಿಸುವುದೂ ಉಂಟು. ಅಂಥದ್ದು ಮೊದಲೆರಡು ತೊಳೆತದಲ್ಲಿ ನೀರಿಗೆ ಬಣ್ಣ ಬಿಟ್ಟರೆ ಗಾಬರಿ ಬೇಡ, ಹತ್ತನೇ ಸಲವೂ ಬಿಟ್ಟರೆ ಹಿಂದಿರುಗಿಸಿ.

ಅನುಮಾನವಿದ್ದರೆ ತಾನಾಗಿ ಉದುರಿದ ಒಂದು ಕೂದಲನ್ನು ಚಿಮಟದಲ್ಲಿ ಹಿಡಿದು ಬೆಂಕಿಗೆ ತೋರಿಸಿ. ಪ್ರಾಣಿಯ ಕೂದಲು ಸುಟ್ಟ ಕೂದಲಿನ ವಾಸನೆ ಕೊಟ್ಟು ಪುಡಿ ಬೂದಿಯಾಗುತ್ತದೆ. ಸಿಂಥೆಟಿಕ್ ಕರಗಿ ಮಣಿಯಾಗಿ ಗಟ್ಟಿಯಾಗುತ್ತದೆ.

ವ್ಯತ್ಯಾಸ ಏಕೆ ಮುಖ್ಯ ಎಂದರೆ, ಪ್ರಾಣಿಯ ಕೂದಲು ಕೆರಾಟಿನ್. ಅದು ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ನೀರನ್ನು ಒಳಗೆಳೆದುಕೊಂಡು ಮೆತ್ತಗಾಗುತ್ತದೆ. ಸಿಂಥೆಟಿಕ್ ಎಳೆಯೊಳಗೆ ನೀರು ಇಳಿಯುವುದಿಲ್ಲವೆಂದೇ ಹೇಳಬೇಕು, ಎಳೆಗಳ ಸಂದಿಯಲ್ಲಷ್ಟೇ ನಿಲ್ಲುತ್ತದೆ. ಹಾಗಾಗಿ ಹಂದಿ ಕೂದಲಿಗೆ ಐದು ನಿಮಿಷವಾದರೂ ನೆನೆ ಬೇಕು. ಬ್ಯಾಜರ್, ಕುದುರೆಗೆ ಒಂದೆರಡು ನಿಮಿಷ. ಸಿಂಥೆಟಿಕ್‌ಗೆ ಅದ್ದಿ ತೆಗೆದರೆ ಮುಗಿಯಿತು. ನೀರು ಕೈ ಆರಾಮಾಗಿ ತಾಳುವಷ್ಟು ಬೆಚ್ಚಗಿರಲಿ. ಕುದಿಯುವ ನೀರು ಕೂದಲನ್ನೂ ಕೆಡಿಸುತ್ತದೆ, ಬುಡದ ಅಂಟನ್ನೂ. ನೆನೆಸುವಾಗ ಕೂದಲಷ್ಟೇ ಮುಳುಗಲಿ, ಹಿಡಿ ಹೊರಗಿರಲಿ.

ಲಕ್ಷಣ: ನೊರೆ ಬಂದು ಮಾಯವಾಗುತ್ತದೆ

ಹೊಸ ಬ್ರಷ್ ಮೇಲಿನ ದೂರುಗಳಲ್ಲಿ ಇದೇ ದೊಡ್ಡದು. ಬ್ರಷ್ ನೊರೆ ತಿನ್ನುತ್ತದೆ ಎಂಬ ಮಾತೇ ಬಳಕೆಯಲ್ಲಿದೆ. ನೊರೆ ಎಲ್ಲಿಗೂ ಹೋಗಿರುವುದಿಲ್ಲ ಎಂಬುದು ನನ್ನ ಅನುಭವ: ಒಂದೋ ಅದು ಕುಚ್ಚಿನ ಹೊಟ್ಟೆಯಲ್ಲೇ ಕೂತಿರುತ್ತದೆ, ಇಲ್ಲವೇ ಮೊದಲಿನಿಂದಲೂ ಸಾಕಷ್ಟು ಹುಟ್ಟಿರುವುದಿಲ್ಲ.

ಇದನ್ನು ತಿಳಿಯುವುದು ಸುಲಭ. ನೊರೆ ಖಾಲಿಯಾಯಿತೆನಿಸಿದಾಗ ಹೆಬ್ಬೆರಳು, ತೋರುಬೆರಳಿನಿಂದ ಕುಚ್ಚಿನ ಬುಡ ಹಿಡಿದು ತುದಿಯತ್ತ ನಿಧಾನ ಹಿಂಡಿ. ದಪ್ಪ ಬಿಳಿ ನೊರೆ ಹೊರಬಂದರೆ ಬ್ರಷ್ ಅದನ್ನು ಬಚ್ಚಿಟ್ಟುಕೊಂಡಿದೆ. ಹೊಸ ಹಂದಿ ಬ್ರಷ್ಷಿನ ಎಳೆಗಳು ಬಿರುಸು, ತುದಿ ಇನ್ನೂ ಒಂಟಿ. ಬಳಸುತ್ತಾ ಹೋದಂತೆ ಪ್ರತಿ ಕೂದಲಿನ ತುದಿ ಎರಡು ಮೂರು ಸೀಳಾಗಿ ಒಡೆಯುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಕವಲೊಡೆದ ಕಡ್ಡಿಯಂತೆ ಕಾಣುತ್ತದೆ. ಆ ಸೀಳುಗಳು ಬಂದ ಮೇಲೆ ನೊರೆ ತುದಿಯಲ್ಲಿ ನಿಲ್ಲುತ್ತದೆ, ಮುಖಕ್ಕೂ ಮೆತ್ತಗೆ. ಇದಕ್ಕೆ ಹದಿನೈದು ಇಪ್ಪತ್ತು ಕ್ಷೌರ ಬೇಕಾದೀತು, ಕೆಲವಕ್ಕೆ ಇನ್ನೂ ಹೆಚ್ಚು. ಅವಸರವಿದ್ದರೆ ಗಡ್ಡ ತೆಗೆಯದ ದಿನವೂ ಅಂಗೈಯಲ್ಲಿ ನೊರೆ ಎಬ್ಬಿಸಿ, ತೊಳೆದು, ಪೂರ್ತಿ ಒಣಗಲು ಬಿಡಿ. ನೆನೆದು ಒಣಗುವ ಸರದಿಯಿಂದಲೇ ಕೂದಲು ಪಳಗುವುದು. ಎರಡು ದಿನ ನೀರಲ್ಲೇ ಮುಳುಗಿಸಿಟ್ಟರೆ ಬೇಗ ಪಳಗುತ್ತದೆಂದು ನಂಬಿ ಮರದ ಹಿಡಿಯನ್ನು ಬಿರುಕು ಬಿಡಿಸಿಕೊಂಡವರಿದ್ದಾರೆ.

ಹಿಂಡಿದರೂ ನೀರೇ ಬಂತೆನ್ನಿ. ಹಾಗಾದರೆ ಸೋಪು ಸಾಲದು. ನನ್ನ ಕೈಯ ತಪ್ಪು ಇದೇ ಆಗಿತ್ತು, ಅದರ ಹಿಂದೆ ಒಂದು ಸಣ್ಣ ಗಣಿತವಿದೆ. ಹಳೆಯ ಬ್ರಷ್ಷಿನ ಕುಚ್ಚು 20 ಮಿಲಿಮೀಟರ್ ಅಗಲ, ಹೊಸದು 28. ಬುಡದ ಅಗಲ ಎಂಟೇ ಮಿಲಿಮೀಟರ್ ಹೆಚ್ಚಿದ್ದರೂ ವಿಸ್ತೀರ್ಣ ಹೆಚ್ಚುಕಡಿಮೆ ಇಮ್ಮಡಿ, ಅಂದರೆ ಕೂದಲೂ ಇಮ್ಮಡಿ. ನಾನು ಮಾತ್ರ ಹಳೆಯ ಲೆಕ್ಕದಲ್ಲಿ ಹದಿನೈದು ಸೆಕೆಂಡು ಸೋಪು ತಿರುವಿ ಎದ್ದುಬಿಡುತ್ತಿದ್ದೆ. ನಲವತ್ತು ಸೆಕೆಂಡಿಗೆ ಏರಿಸಿದ ದಿನವೇ ಮೂರು ಸುತ್ತಿಗೆ ಸಾಲುವ ನೊರೆ ಸಿಕ್ಕಿತು. ಗುರುತು ಹೀಗೆ: ಸೋಪಿನ ಮೇಲಿಂದ ಬ್ರಷ್ ಎತ್ತಿದಾಗ ತುದಿಯಲ್ಲಿ ಗುಳ್ಳೆಗುಳ್ಳೆ ನೊರೆಯಿದ್ದರೆ ಸಾಲದು; ಹಲ್ಲುಜ್ಜುವ ಪೇಸ್ಟಿನಂಥ ದಪ್ಪ ಲೇಪ ಮೆತ್ತಿಕೊಂಡಿರಬೇಕು. ನೀರನ್ನು ಆಮೇಲೆ ಸೇರಿಸಬಹುದು. ಸೋಪನ್ನು ಆಮೇಲೆ ಸೇರಿಸುವುದು ರಗಳೆ.

ಸೋಪೂ ಧಾರಾಳವಾಗಿದೆ, ಆದರೂ ಕುಸಿಯುತ್ತಿದೆಯೇ? ಹೊಸ ಕೂದಲಿನ ಜಿಡ್ಡನ್ನು ನೋಡಿ. ಪ್ರಾಣಿಯ ಕೂದಲಿನಲ್ಲಿ ಉಳಿದ ಕೊಬ್ಬು, ತಯಾರಿಕೆಯಲ್ಲಿ ಹತ್ತಿದ ಎಣ್ಣೆ ನೊರೆಯನ್ನು ಒಡೆಯುತ್ತವೆ. ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ ಕುಚ್ಚಿನ ಬುಡದವರೆಗೆ ಬೆರಳಾಡಿಸಿ ತೊಳೆಯಿರಿ, ಗುಳ್ಳೆ ನಿಲ್ಲುವವರೆಗೆ ಜಾಲಾಡಿಸಿ. ಶಾಂಪೂ ಆದರೂ ನಡೆದೀತು, ಕಂಡಿಷನರ್ ಕೂಡಿದ್ದು ಮಾತ್ರ ಬೇಡ. ಅದರಲ್ಲಿ ಸಾಮಾನ್ಯವಾಗಿ ಇರುವ ಸಿಲಿಕೋನ್ ನೊರೆಗೆ ಕಡುವೈರಿ. ಬ್ರಷ್ ಮೆತ್ತಗಾಗಲೆಂದು ಕಂಡಿಷನರ್ ಹಚ್ಚಿ, ನೊರೆ ಬರುತ್ತಿಲ್ಲವೆಂದು ಕೊರಗುವುದು ತಾನೇ ತೋಡಿಕೊಂಡ ಹಳ್ಳ.

ಇನ್ನು ನೀರು. ಸೋಪೆಂದರೆ ಕೊಬ್ಬಿನ ಆಮ್ಲದ ಸೋಡಿಯಂ ಅಥವಾ ಪೊಟ್ಯಾಸಿಯಂ ಲವಣ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ಆಮ್ಲವನ್ನು ಹಿಡಿದುಕೊಂಡು, ನೀರಲ್ಲಿ ಕರಗದ ಬಿಳಿ ಗಸಿಯಾಗುತ್ತವೆ. ಬಕೆಟ್ಟಿನ ಅಂಚಿಗೆ ಹತ್ತುವ ಬಿಳಿ ಪೊರೆ ಅದೇ. ಗಡಸುತನವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಲೀಟರಿಗೆ 180 ಮಿಲಿಗ್ರಾಂ ದಾಟಿದರೆ ಬಹಳ ಗಡಸು ಎನ್ನುವುದು ವಾಡಿಕೆ. 300 ಮಿಲಿಗ್ರಾಂ ಇರುವ ನೀರು ಲೀಟರಿಗೆ ಸುಮಾರು 1.8 ಗ್ರಾಂ ಸೋಪನ್ನು ನುಂಗಿಹಾಕುತ್ತದೆ. ಬ್ರಷ್ಷಿನಲ್ಲಿ ನಿಲ್ಲುವ 20 ಮಿಲಿಲೀಟರ್ ನೀರಿಗೆ ಇದನ್ನು ಇಳಿಸಿದರೆ 0.04 ಗ್ರಾಂ ಕೂಡ ಆಗುವುದಿಲ್ಲ. ಹಾಗಾದರೆ ಗಡಸು ನೀರಿಗೆ ಇಷ್ಟೇಕೆ ಹೆದರುವುದು? ನುಂಗಿದ ಸೋಪಿಗಿಂತ ಹುಟ್ಟಿದ ಗಸಿಯ ಕಾಟ ಹೆಚ್ಚು. ಆ ಸಣ್ಣ ಕಣಗಳು ಗುಳ್ಳೆಯ ಗೋಡೆಯಲ್ಲಿ ಸೇರಿಕೊಂಡು ಅದನ್ನು ಒಡೆಯುತ್ತವೆ, ಜೊತೆಗೆ ದಿನದಿಂದ ದಿನಕ್ಕೆ ಕೂದಲಿಗೆ ಅಂಟುತ್ತಾ ಹೋಗುತ್ತವೆ. ಹೊಸದರಲ್ಲಿ ಚೆನ್ನಾಗಿದ್ದು ಒಂದೆರಡು ತಿಂಗಳಲ್ಲಿ ಕೆಟ್ಟ ಬ್ರಷ್ ಬಹುಮಟ್ಟಿಗೆ ಇದರದೇ ಬಲಿ.

ನೀರಿನ ಪರೀಕ್ಷೆಗೆ ಎರಡು ಸಣ್ಣ ಬಾಟಲಿ ಸಾಕು. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಬಟ್ಟಿ ಇಳಿಸಿದ ನೀರು, ಎರಡಕ್ಕೂ ಒಂದೇ ಅಳತೆಯ ಸೋಪಿನ ಹೆರೆ ಹಾಕಿ ಕುಲುಕಿ. ಡಿಟರ್ಜೆಂಟ್ ಬೇಡ, ಅದು ಗಡಸುತನಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ನಲ್ಲಿ ನೀರು ಹಾಲಿನಂತೆ ಕದಡಿ ಮೇಲೆ ಪೇಲವ ನೊರೆ ನಿಂತರೆ ಉತ್ತರ ಸಿಕ್ಕಿತು. ಕ್ಷೌರಕ್ಕೆ ಬೇಕಾಗುವುದು ಒಂದು ಲೋಟ ನೀರು. ಅಷ್ಟನ್ನು ಬಟ್ಟಿ ಇಳಿಸಿದ್ದೇ ಬಳಸಬಹುದು. ಬೈಕಾರ್ಬೊನೇಟಿನಿಂದ ಬಂದ ಗಡಸುತನವಾದರೆ ಕುದಿಸಿ, ಆರಿಸಿ, ತಳದ ಗಸಿ ಬಿಟ್ಟು ಬಗ್ಗಿಸಿಕೊಂಡರೂ ಇಳಿಯುತ್ತದೆ. ಆಗಲೇ ಗಸಿ ಕಟ್ಟಿದ ಬ್ರಷ್ಷನ್ನು ಒಂದು ಪಾಲು ಬಿಳಿ ವಿನೆಗರ್‌ಗೆ ಹತ್ತು ಪಾಲು ಉಗುರುಬೆಚ್ಚಗಿನ ನೀರು ಬೆರೆಸಿ ಐದು ನಿಮಿಷ ಆಡಿಸಿ ತೊಳೆದರೆ ಕೂದಲು ಮತ್ತೆ ಬಿಡಿಬಿಡಿಯಾಗುತ್ತದೆ.

ಲಕ್ಷಣ: ನೊರೆ ತೆಳ್ಳಗೆ, ಗುಳ್ಳೆ ದೊಡ್ಡದು, ಮೊಣಕೈವರೆಗೆ ನೀರು

ಹಂದಿ ಬ್ರಷ್ಷಿನಿಂದ ಸಿಂಥೆಟಿಕ್‌ಗೆ ಬಂದವರ ಗೋಳು ಇದು. ಹಳೆಯ ರೂಢಿಯಂತೆ ನೀರು ಹೀರಿಸಿಕೊಂಡು ಬರುತ್ತಾರೆ. ಸಿಂಥೆಟಿಕ್ ಆ ನೀರನ್ನು ಹಿಡಿದಿಟ್ಟುಕೊಳ್ಳದೆ ಮೊದಲ ಒತ್ತಡಕ್ಕೇ ಪೂರ್ತಿ ಬಿಟ್ಟುಬಿಡುತ್ತದೆ. ಅದ್ದಿ, ಎರಡು ಸಲ ಬಲವಾಗಿ ಕೊಡವಿ, ಬುಡ ಹಿಂಡಿ, ಆಮೇಲೆ ಸೋಪಿನ ಮೇಲಿಡಿ. ಹದಿನೈದು ಇಪ್ಪತ್ತು ಸೆಕೆಂಡು ತಿರುವಿದರೆ ಸಾಕು. ಇದಾದ ಮೇಲೂ ಗುಳ್ಳೆ ದೊಡ್ಡದಾಗಿದ್ದರೆ ನೀವು ಬ್ರಷ್ಷನ್ನು ತೀರಾ ವೇಗವಾಗಿ ಕಡೆಯುತ್ತಿದ್ದೀರಿ.

ಲಕ್ಷಣ: ಕೂದಲು ಉದುರುತ್ತದೆ

ಉದುರಿದ್ದನ್ನು ತೊಳೆದು ಬಿಸಾಡಬೇಡಿ, ಅದೇ ಸಾಕ್ಷಿ. ಬಿಳಿ ಕಾಗದದ ಮೇಲಿಟ್ಟು ಕುಚ್ಚಿನ ಎತ್ತರಕ್ಕೆ ಹೋಲಿಸಿ.

ಉದುರಿದ ಕೂದಲು ಕುಚ್ಚಿನಷ್ಟೇ ಉದ್ದವಿದ್ದು ಅಥವಾ ಇನ್ನೂ ತುಸು ಉದ್ದವಿದ್ದು, ಬುಡ ಸಪಾಟಾಗಿದ್ದರೆ ಅದು ಬುಡದಿಂದಲೇ ಕಳಚಿಬಂದದ್ದು. ಕಟ್ಟುವಾಗ ಅಂಟು ತಾಗದೆ ಉಳಿದ ಕೂದಲು ಮೊದಲ ಕೆಲವು ತೊಳೆತದಲ್ಲಿ ಹೊರಬರುವುದು ಸಹಜ. ಕುಚ್ಚಿನಲ್ಲಿ ಸಾವಿರಾರು ಎಳೆಗಳಿವೆ, ಹತ್ತಿಪ್ಪತ್ತು ಹೋದರೆ ಗೊತ್ತೂ ಆಗುವುದಿಲ್ಲ. ಒಣಗಿದ ಬ್ರಷ್ಷನ್ನು ಅಗಲ ಹಲ್ಲಿನ ಬಾಚಣಿಗೆಯಿಂದ ಹಗುರವಾಗಿ ಬಾಚಿದರೆ ಸಡಿಲವಾದವು ಒಂದೇ ಸಲಕ್ಕೆ ಬರುತ್ತವೆ, ಮುಖದ ಮೇಲೆ ಹುಡುಕುವುದು ತಪ್ಪುತ್ತದೆ. ಸಂಖ್ಯೆ ಬರೆದಿಟ್ಟುಕೊಳ್ಳಿ. ಮೊದಲ ದಿನ ಎಂಟು, ಮೂರನೇ ದಿನ ನಾಲ್ಕು, ಏಳನೇ ದಿನ ಒಂದು ಎಂದು ಇಳಿಯುತ್ತಿದ್ದರೆ ಸುಮ್ಮನಿರಿ. ಹತ್ತನೇ ಕ್ಷೌರದಲ್ಲೂ ಅದೇ ಎಂಟಿದ್ದರೆ, ಅಥವಾ ಒಂದೇ ಜಾಗದಿಂದ ಜೊಂಪೆಯಾಗಿ ಬಂದರೆ, ಅಂಟು ಒಳಗೆ ಹೊಕ್ಕಿಲ್ಲ. ಅದು ತಯಾರಿಕೆಯ ದೋಷ. ಕೂದಲನ್ನು ಕಾಗದದಲ್ಲಿ ಮಡಚಿ ಬ್ರಷ್ ಜೊತೆಗೇ ಮಾರಿದವರಿಗೆ ಕೊಡಿ.

ಉದುರಿದ್ದು ಅರ್ಧ, ಮುಕ್ಕಾಲು ಉದ್ದದ ತುಂಡುಗಳಾಗಿದ್ದರೆ ಕಥೆ ಬೇರೆ. ಅವು ಉದುರಿದ್ದಲ್ಲ, ಮುರಿದದ್ದು. ಬ್ರಷ್ಷನ್ನು ಮುಖಕ್ಕೆ ಅಥವಾ ಬಟ್ಟಲಿಗೆ ಬುಡದವರೆಗೆ ಅದುಮಿ ತಿರುಚಿದಾಗ, ಬಟ್ಟೆ ಹಿಂಡಿದಂತೆ ಕುಚ್ಚನ್ನು ಹೊಸೆದಾಗ, ಕುದಿನೀರಿಗೆ ಅದ್ದಿದಾಗ ಹೀಗಾಗುತ್ತದೆ. ಇದಕ್ಕೆ ಯಾರೂ ಬದಲಿ ಬ್ರಷ್ ಕೊಡುವುದಿಲ್ಲ.

ಲಕ್ಷಣ: ಚುಚ್ಚುತ್ತದೆ

ಚುಚ್ಚುವುದು ಬೇರೆ, ಒತ್ತುವುದು ಬೇರೆ. ನೆನೆಸಿದ ಬ್ರಷ್ಷಿನ ತುದಿಯನ್ನು ಮುಂಗೈ ಒಳಭಾಗಕ್ಕೆ ಭಾರ ಹಾಕದೆ ಸುಮ್ಮನೆ ತಾಗಿಸಿ. ಆಗಲೇ ಸೂಜಿಯಂತೆ ಚುಚ್ಚಿದರೆ ತುದಿ ಮೊನಚು. ಹಂದಿಯಾದರೆ ಸೀಳು ಬರುವವರೆಗೆ ಕಾಯಬಹುದು. ಬ್ಯಾಜರ್ ಆಗಿದ್ದು ಭೂತಗನ್ನಡಿಯಲ್ಲಿ ತುದಿ ಸಪಾಟಾಗಿ ಕಂಡರೆ, ಆಕಾರಕ್ಕೆ ತರಲು ಕತ್ತರಿ ಹಾಕಿದ್ದಾರೆ ಎಂದರ್ಥ. ಸಹಜವಾಗಿ ತೆಳುವಾಗುತ್ತಾ ಹೋಗುವ ಮೃದು ತುದಿ ಮತ್ತೆ ಬೆಳೆಯುವುದಿಲ್ಲವಲ್ಲ, ಇಂಥದ್ದನ್ನು ಇಟ್ಟುಕೊಳ್ಳಬೇಡಿ.

ತಾಗಿಸಿದಾಗ ಮೆತ್ತಗಿದ್ದು, ಒತ್ತಿದಾಗ ಮಾತ್ರ ಸೆಟೆದು ನಿಂತರೆ ಅದು ಕುಚ್ಚಿನ ಬಿಗುವು. ಅಗಲ 26, ಎತ್ತರ 48 ಮಿಲಿಮೀಟರ್ ಇರುವ ಗಿಡ್ಡ ಬ್ರಷ್ ಹಾಗೇ ಇರುತ್ತದೆ, ಅದು ಅದರ ಸ್ವಭಾವ. ಸುತ್ತಿ ಉಜ್ಜುವ ಬದಲು ಗೋಡೆಗೆ ಬಣ್ಣ ಬಳಿದಂತೆ ಅತ್ತಿತ್ತ ಎಳೆಯಿರಿ. ಕ್ಷೌರವಾದ ಮೇಲೆ ಕೆನ್ನೆಯಲ್ಲಿ ವೃತ್ತಾಕಾರದ ಕೆಂಪು ಕಂಡರೆ ರೇಜರ್ ಬದಲಿಸುವ ಮೊದಲು ಎರಡು ದಿನ ಬಟ್ಟಲಲ್ಲೇ ನೊರೆ ಮಾಡಿ ಹಚ್ಚಿ ನೋಡಿ.

ಲಕ್ಷಣ: ನಡುವೆ ಗಟ್ಟಿ ಗಂಟು

ಕುಚ್ಚಿನ ಮಧ್ಯ ಹೆಬ್ಬೆರಳು ಒತ್ತಿದಾಗ ಬುಡಕ್ಕಿಂತ ಮೇಲೆಯೇ ಕಲ್ಲಿನಂತೆ ಏನೋ ಸಿಕ್ಕರೆ ಅದು ಮೇಲೇರಿದ ಅಂಟಿನ ದಿಬ್ಬ. ಹೆಚ್ಚಿನ ಬ್ರಷ್‌ಗಳಲ್ಲಿ ಅಲ್ಪಸ್ವಲ್ಪ ಇದ್ದೇ ಇರುತ್ತದೆ. ಬ್ರಷ್ ಸರಿಯಾಗಿ ಅರಳುತ್ತಿದ್ದರೆ ಅದನ್ನು ಮರೆತುಬಿಡಿ. ಅರಳದೆ ನಡು ಸೆಟೆದು ಸುತ್ತಲಿನ ಕೂದಲಷ್ಟೇ ಬಾಗುತ್ತಿದ್ದರೆ ಬದಲಿಸಿಕೊಳ್ಳಿ. ಒಳಗಿನ ಅಂಟನ್ನು ಮನೆಯಲ್ಲಿ ತೆಗೆಯುವ ಉಪಾಯವಿಲ್ಲ.

ಲಕ್ಷಣ: ವಾಸನೆ

ಹಂದಿ, ಬ್ಯಾಜರ್ ಎರಡೂ ನಾರುತ್ತವೆ. ಪ್ರಾಣಿಯ ಕೂದಲಲ್ಲವೇ. ದಟ್ಟ ನೊರೆ ಎಬ್ಬಿಸಿ ರಾತ್ರಿಯಿಡೀ ಹಾಗೇ ಬಿಟ್ಟು ಬೆಳಗ್ಗೆ ತೊಳೆಯಿರಿ; ನಾಲ್ಕೈದು ಸಲಕ್ಕೆ ಹೋಗುತ್ತದೆ. ಪ್ರಾಣಿಯ ವಾಸನೆ ಹೋಗಿ ಮುಗ್ಗಲು ವಾಸನೆ ಬಂದರೆ ಎಚ್ಚರ: ಬ್ರಷ್ ಒಣಗುತ್ತಿಲ್ಲ. ನೇತುಹಾಕಬೇಕೋ ನಿಲ್ಲಿಸಬೇಕೋ ಎಂಬ ಜಗಳ ಬಹಳ ಹಳೆಯದು. ನನಗೆ ಎರಡರಲ್ಲಿ ವ್ಯತ್ಯಾಸ ಕಂಡಿಲ್ಲ. ಗಾಳಿಯಾಡುವ ಜಾಗ ಬೇಕು, ಮುಚ್ಚಿದ ಡಬ್ಬಿ ಬೇಡ. ಬುಡದಲ್ಲಿ ಕಪ್ಪು ಚುಕ್ಕೆ ಕಟ್ಟಿದ್ದರೆ ಎಸೆಯಿರಿ.

ವಾಸನೆಯ ಮಾತು ಬಂದದ್ದಕ್ಕೆ ಇನ್ನೊಂದು. ತುಂಬ ಹಳೆಯ ಕಾಲದ ಬ್ರಷ್ ಕೊಂಡು ತೊಳೆದು ಬಳಸುವ ಆಸೆ ಕೆಲವರಿಗೆ. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಸರಿಯಾಗಿ ಶುದ್ಧಿ ಮಾಡದ ಕುದುರೆ ಕೂದಲಿನ ಬ್ರಷ್‌ಗಳಿಂದ ಸೈನಿಕರಿಗೂ ಜನರಿಗೂ ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ತಗುಲಿ ಸಾವುಗಳಾದವು. ಅದರ ಬೀಜಾಣುಗಳು ದಶಕಗಳ ಕಾಲ ಬದುಕಬಲ್ಲವು. ಅಂಥ ಬ್ರಷ್ಷಿನ ಹಿಡಿ ಚಂದವಿದ್ದರೆ ಗಾಜಿನ ಕಪಾಟಿನಲ್ಲಿಡಿ, ಮುಖಕ್ಕೆ ತಾಗಿಸಬೇಡಿ.

ಲಕ್ಷಣ: ಕುಚ್ಚು ಅಲುಗಾಡುತ್ತದೆ

ಹಿಡಿಯನ್ನು ಒಂದು ಕೈಯಲ್ಲಿ ಹಿಡಿದು ಕುಚ್ಚಿನ ಬುಡವನ್ನು ಇನ್ನೊಂದು ಕೈಯಿಂದ ಮೆಲ್ಲಗೆ ತಿರುಗಿಸಿ. ಪೂರ್ತಿ ಕುಚ್ಚು ಹಿಡಿಯೊಳಗೆ ಅಲುಗಿದರೆ ಕೂದಲಿಗೇನೂ ಆಗಿಲ್ಲ, ಕುಚ್ಚಿಗೂ ಹಿಡಿಗೂ ನಡುವಿನ ಅಂಟು ಬಿಟ್ಟಿದೆ. ಹೊಸದಾದರೆ ಹಿಂದಿರುಗಿಸಿ. ಅವಧಿ ಮುಗಿದಿದ್ದರೆ ನೀವೇ ಸರಿಮಾಡಬಹುದು, ಈ ಪಟ್ಟಿಯಲ್ಲಿ ಮನೆಯಲ್ಲಿ ನಿಜವಾಗಿ ರಿಪೇರಿಯಾಗುವ ದೋಷ ಇದೊಂದೇ. ಕುಚ್ಚನ್ನು ಎಳೆದು ಹೊರತೆಗೆದು ಎರಡು ದಿನ ಒಣಗಿಸಿ. ಹಿಡಿಯ ಗುಳಿಯಲ್ಲಿ ಉಳಿದ ಹಳೆಯ ಅಂಟನ್ನು ಕೆರೆದು, ಒಳಮೈಯನ್ನು ಉಜ್ಜುಕಾಗದದಿಂದ ಒರಟು ಮಾಡಿ. ಎರಡು ಟ್ಯೂಬು ಬೆರೆಸುವ ಎಪಾಕ್ಸಿ ಅಂಟು ತೆಗೆದುಕೊಳ್ಳಿ, ಐದು ನಿಮಿಷಕ್ಕೆ ಗಟ್ಟಿಯಾಗುವುದು ಬೇಡ, ನಿಧಾನದ್ದಿರಲಿ. ಕುಚ್ಚನ್ನು ನೆಟ್ಟಗೆ ಕೂರಿಸಲು ಪುರುಸೊತ್ತು ಸಿಗುತ್ತದೆ. ಗುಳಿಯ ಅಂಚಿಗೆ ಮುಟ್ಟದಷ್ಟೇ ಹಾಕಿ, ಉಕ್ಕಿದರೆ ಕೂದಲಿಗೆ ಹತ್ತಿ ಹೊಸ ದಿಬ್ಬವಾಗುತ್ತದೆ. 24 ಗಂಟೆ ನೀರು ಸೋಕಿಸಬೇಡಿ.

ಆರಂಭದಲ್ಲಿ ಕಳಚಿಬಿದ್ದಿದ್ದ ನನ್ನ ಹಳೆಯ ಬ್ರಷ್ ಹೀಗೇ ಮತ್ತೆ ಎದ್ದು ನಿಂತಿದೆ. ಕುಚ್ಚು ಎಡಕ್ಕೆ ಕೂದಲೆಳೆಯಷ್ಟು ವಾಲಿದೆ, ಆ ದಿನ ಐದು ನಿಮಿಷದ ಅಂಟು ಬಳಸಿದ್ದೆ.